ಕೆಂಪಕ್ಕನ ಬಣ್ಣ

ಹೊನ್ನಾಳಿಯ ಸ್ಟುಡಿಯೋ ಒಂದರಲ್ಲಿ ಒಂಬತ್ತು ವರ್ಷ ಮದುವೆ ಆಲ್ಬಮ್ ಮಾಡಿದ ವನಜಾಕ್ಷಿಗೆ ಕೆಂಪಕ್ಕ ಮೊದಲು ಗೊತ್ತಾದದ್ದು ಫೋಟೋಗಳ ಅಂಚಿನಲ್ಲಿ. ನಡುವೆ ಹೆಣ್ಣು ಗಂಡು, ಹಿಂದೆ ಹೂವಿನ ಅಲಂಕಾರ, ಎಡಗಡೆ ಮೂಲೆಯಲ್ಲಿ ಹತ್ತಿ ಅರಳಿದಂಥ ಒಂದು ಬಿಳಿತಲೆ. ಆ ತಲೆಯ ಕೆಳಗೆ ಮುಖ ಇರಬೇಕಾದ ಕಡೆ ಬರೀ ಕತ್ತಲೆ. ಮದುಮಗಳ ಮುಖಕ್ಕೆ ಹೊಂದಿಸಿದ ಬೆಳಕು ಮೂಲೆಯ ತನಕ ಹೋಗುತ್ತಿರಲಿಲ್ಲ. ಹೋದರೂ ಆ ಕಡುಗಪ್ಪು ಮುಖಕ್ಕೆ ಸಾಲುತ್ತಿರಲಿಲ್ಲ. ಜಗಳೂರು ಕಡೆಯಿಂದ ಹೆಣ್ಣು ತಂದ ಮದುವೆ ಎಂದರೆ ಆ ತಲೆ ಇದ್ದೇ ಇರುತ್ತಿತ್ತು. ಸೋಬಾನೆ ಹಾಡಲು ಕೆಂಪಕ್ಕ ಬಾರದಿದ್ದರೆ ಆ ಸೀಮೆಯವರಿಗೆ ಅರಿಶಿನ ಹಚ್ಚಿದಂತೆಯೇ ಆಗುವುದಿಲ್ಲ.

"ಆ ಮೂಲೆ ಕಟ್ ಮಾಡಮ್ಮ, ಫ್ರೇಮು ಕೆಡ್ತೈತೆ" ಎನ್ನುತ್ತಿದ್ದ ಮಾಲೀಕ ರೇಣುಕಪ್ರಸಾದ್. ವನಜಾಕ್ಷಿ ಕಟ್ ಮಾಡುತ್ತಿದ್ದಳು. ಉಳಿದವರ ಮುಖವನ್ನು ಇದ್ದದ್ದಕ್ಕಿಂತ ಎರಡು ಪಟ್ಟು ಬೆಳ್ಳಗೆ ಮಾಡುವುದೂ ಅವಳದೇ ಕೆಲಸ. ರೇಣುಕಪ್ರಸಾದ್ ಕೆಟ್ಟವನೇನಲ್ಲ. ಕೆಲಸ ಕಲಿಸಿದವನೇ ಅವನು. ಗಿರಾಕಿ ಕೇಳಿದ್ದನ್ನು ಕೊಡಬೇಕು ಎಂಬುದಷ್ಟೇ ಅವನ ಲೆಕ್ಕ.

ಒಂದು ದಿನ ಗಂಗೋತ್ರಿ ಎಂಬ ಹೊಸ ಮದುವೆಯ ಹುಡುಗಿ ಆಲ್ಬಮ್ ಎದೆಗೊತ್ತಿಕೊಂಡು ಸ್ಟುಡಿಯೋಕ್ಕೆ ಬಂದಳು.

"ಅಕ್ಕಾ, ಇದ್ರಾಗೆ ಕೆಂಪಕ್ಕಜ್ಜಿ ಎಲ್ಲಿ? ಮೂರು ದಿನ ನನ್ನ ಪಕ್ಕದಾಗೇ ಕುಂತು ಹಾಡಿದ್ರು. ನಮ್ಮವ್ವ ತೀರ್ಕೊಂಡು ವರ್ಷ ಆಗಿತ್ತು, ಅವ್ರೇ ಅವ್ವನಂಗೆ ನಿಂತಿದ್ರು. ಒಂದು ಫೋಟೋದಾಗೂ ಇಲ್ವಲ್ಲ?"

ವನಜಾಕ್ಷಿ ಮೂಲ ಫೈಲುಗಳನ್ನು ತೆರೆದಳು. ಬಿಳಿತಲೆ ಅಲ್ಲೇ ಇತ್ತು. ಅದರ ಕೆಳಗಿನ ಕತ್ತಲೆಯನ್ನು ಕಂಪ್ಯೂಟರಿನಲ್ಲಿ ಎತ್ತಿ ಎತ್ತಿ ನೋಡಿದಳು. ಎತ್ತಿದಷ್ಟೂ ಮುಖದ ಬದಲು ಕಾಳು ಕಾಳು ಚುಕ್ಕಿ ಎದ್ದುಬಂತು. ಕಪ್ಪು ಬಟ್ಟೆಯ ಮೇಲೆ ರವೆ ಚೆಲ್ಲಿದಂತೆ. ಕಣ್ಣೆಲ್ಲಿ, ಕೆನ್ನೆಯೆಲ್ಲಿ ಎಂದು ಹುಡುಕಬೇಕು. ಕ್ಯಾಮೆರಾದೊಳಗೆ ಬಾರದೆ ಹೋದ ಬೆಳಕನ್ನು ಆಮೇಲೆ ಎಲ್ಲಿಂದ ತರುವುದು? ಗಂಗೋತ್ರಿ ಪರದೆಯನ್ನು ನೋಡಿ, ಆಲ್ಬಮ್ ಮತ್ತೆ ಎದೆಗೊತ್ತಿಕೊಂಡು ಹೋದಳು. ಬೈದಿದ್ದರೂ ವನಜಾಕ್ಷಿಗೆ ಅಷ್ಟು ಚುಚ್ಚುತ್ತಿರಲಿಲ್ಲ.

ಆ ವರ್ಷವೇ ಅವಳು ಕೆಲಸ ಬಿಟ್ಟು ನ್ಯಾಮತಿಯ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ತನ್ನದೇ ಸಣ್ಣ ಸ್ಟುಡಿಯೋ ತೆರೆದಳು. ಬಾಗಿಲ ಮೇಲೆ "ಇದ್ದ ಹಾಗೆ ಫೋಟೋ ತೆಗೆದುಕೊಡಲಾಗುವುದು" ಎಂದು ಬರೆಸಿದಳು. ಓದಿದವರು ನಕ್ಕು ಮುಂದಕ್ಕೆ ಹೋಗುತ್ತಿದ್ದರು. ಆಧಾರ್ ಕಾರ್ಡಿಗೆ, ಶಾಲೆಯ ಅರ್ಜಿಗೆ ಬೇಕಾದವರು ಮಾತ್ರ ಒಳಗೆ ಬರುತ್ತಿದ್ದರು. ಅವಳು ಬೋರ್ಡು ಬದಲಿಸಲಿಲ್ಲ.

ಎರಡು ವರ್ಷದ ಮೇಲೆ ಜಗಳೂರಿನಿಂದ ತಿಪ್ಪೇರುದ್ರಸ್ವಾಮಿ ಮೇಷ್ಟ್ರ ಫೋನ್ ಬಂತು. ನಿವೃತ್ತಿಗೆ ಮುಂಚೆ ಅವರು ಹೊನ್ನಾಳಿಯಲ್ಲಿದ್ದವರು. ಹೈಸ್ಕೂಲಿನಲ್ಲಿ ಅವಳಿಗೆ ಕನ್ನಡ ಕಲಿಸಿದವರು ಈ ಮೇಷ್ಟ್ರು. ನಿವೃತ್ತರಾದ ಮೇಲೆ ನಾಲ್ಕು ವರ್ಷ ಕೂತು ಕೆಂಪಕ್ಕನ ಹಾಡುಗಳನ್ನು ಬರೆದುಕೊಂಡಿದ್ದರು. ಪುಸ್ತಕ ಅಚ್ಚಿಗೆ ಸಿದ್ಧವಾಗಿತ್ತು.

"ಮುಖಪುಟಕ್ಕೆ ಫೋಟೋ ಬೇಕು ಕಣಮ್ಮ. ಇಬ್ಬರನ್ನ ಕರೆಸಿದ್ದೆ. ಒಬ್ಬ ಮಸಿ ಮುದ್ದೆ ಮಾಡಿಕೊಟ್ಟ. ಇನ್ನೊಬ್ಬ ಪೌಡರ್ ಬಳಿದಂಗೆ ಮಾಡಿ, ಗಾಜಿನ ಕಟ್ಟು ಹಾಕಿಸಿ, ಆಯಮ್ಮನ ಸನ್ಮಾನದಾಗೆ ಕೊಟ್ಟ. ಆಯಮ್ಮ ಅದನ್ನ ಗೋಡೆ ಕಡೆ ಮುಖ ಮಾಡಿ ನೇತು ಹಾಕೈತೆ. ಇನ್ನು ಫೋಟೋ ಬ್ಯಾಡ ಅಂತ ಹಟ. ನೀನು ಬರಾಕೆ ಆಗುತ್ತಾ?"

"ಬರ್ತೀನಿ ಸರ್" ಎಂದಳು ವನಜಾಕ್ಷಿ.

ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಗಂಗೋತ್ರಿ ಬಂದುಹೋದ ದಿನದಿಂದ ಅವಳು ಓದಿದ್ದು, ವಿಡಿಯೋ ನೋಡಿ ಕಲಿತದ್ದು ಅದನ್ನೇ. ಐಎಸ್‌ಒ ಎಂಬ ಬೆಳಕು ಹೀರುವ ಚುರುಕನ್ನು ಕಡಿಮೆ ಇಡಬೇಕು, ನೂರರಲ್ಲೇ. ಕ್ಯಾಮೆರಾ ಕಂಡದ್ದನ್ನೆಲ್ಲ ಹಾಗೆಯೇ ಉಳಿಸಿಕೊಳ್ಳುವ ರಾ ಫೈಲಿನಲ್ಲಿ ತೆಗೆಯಬೇಕು. ಬೆಳಕನ್ನು ಬೇಕೆಂದೇ ಅಗತ್ಯಕ್ಕಿಂತ ಹೆಚ್ಚು ಒಳಗೆ ಬಿಡಬೇಕು. ಆಗ ಕಪ್ಪು ಮುಖದ ಸಂದುಗೊಂದಿಗೂ ಬೆಳಕು ತುಂಬುತ್ತದೆ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಫೋಟೋ ಬೆಳ್ಳಗೆ ಪೇಲವವಾಗಿ ಕಾಣುತ್ತದೆ, ಹೆದರಬಾರದು. ಕಂಪ್ಯೂಟರಿನಲ್ಲಿ ಇಳಿಸಿದರೆ ನಿಜವಾದ ಬಣ್ಣ ವಾಪಸು ಬರುತ್ತದೆ, ಅದೂ ಒಂದು ಕಾಳು ಚುಕ್ಕಿಯಿಲ್ಲದೆ.

ಕೆಂಪಕ್ಕನ ಮನೆ ಜಗಳೂರಿನಿಂದ ಎಂಟು ಕಿಲೋಮೀಟರ್. ಮೇಷ್ಟ್ರು ಬೈಕಿನಲ್ಲಿ ಕರೆದುಕೊಂಡು ಹೋದರು. ಎಪ್ಪತ್ತಾರು ವರ್ಷದ ಹೆಂಗಸು, ನೆಟ್ಟಗೆ ನಿಂತಿದ್ದಳು. ಮೇಷ್ಟ್ರು ಅರ್ಧ ಗಂಟೆ ಹೇಳಿದ ಮೇಲೆ, "ಆಯ್ತು, ನಿಮ್ಮ ಮುಖ ನೋಡಿ" ಎಂದು ಹೊಸ್ತಿಲ ಮುಂದೆ ಬಿಸಿಲಿನಲ್ಲಿ ಕೂತಳು. ವನಜಾಕ್ಷಿ ಬೆಳಕು ಹೆಚ್ಚಿಸುತ್ತಾ ಹೋಗಿ ಹದಿನೈದು ಫೋಟೋ ತೆಗೆದಳು. ಅವಳ ಕಣ್ಣೆಲ್ಲ ಆ ಮುಖದ ಮೇಲೆಯೇ.

"ಎಲ್ಲಿ, ತೋರ್ಸು" ಎಂದಳು ಕೆಂಪಕ್ಕ.

ವನಜಾಕ್ಷಿ ಹಿಂದೆಮುಂದೆ ನೋಡುತ್ತಾ ಕ್ಯಾಮೆರಾ ತಿರುಗಿಸಿದಳು. ಪರದೆಯಲ್ಲಿ ಹಾಲಿನಲ್ಲಿ ಅದ್ದಿದಂಥ ಮುಖ.

ಕೆಂಪಕ್ಕ ಒಂದು ಗಳಿಗೆ ನೋಡಿದಳು. "ಇದು ನಾನಲ್ಲ" ಎಂದಳು. "ನೀನೂ ಅದೇ ಪೌಡರ್ ಜಾತಿ."

"ಅಜ್ಜಿ, ಇದು ಹಿಂಗೆ ಕಾಣ್ತೈತೆ ಅಷ್ಟೇ. ಆಮ್ಯಾಲೆ ಇಳಿಸ್ತೀನಿ. ನಿಮ್ಮ ಬಣ್ಣ ನಿಮಗೇ ತಂದು ಕೊಡ್ತೀನಿ, ನಂಬ್ರಿ."

"ಎಲ್ರೂ ಆಮ್ಯಾಲೆ ಅಂತಾರೆ" ಎಂದು ಕೆಂಪಕ್ಕ ಸೆರಗು ಕೊಡವಿ ಎದ್ದು ಒಳಗೆ ಹೋದಳು.

ನ್ಯಾಮತಿಗೆ ಬಂದು ಫೈಲು ತೆರೆದಾಗ ವನಜಾಕ್ಷಿ ಮೊದಲು ಹಿಗ್ಗಿದಳು. ಬೆಳಕು ಇಳಿಸಿದಂತೆ ಮುಖ ಬಂತು. ಕಪ್ಪು, ನುಣುಪು, ಒಂದೊಂದು ಗೆರೆಯೂ ಬಿಡಿಬಿಡಿಯಾಗಿ. ಆಮೇಲೆ ಅವಳ ಕಣ್ಣು ತಲೆಯ ಮೇಲೆ ಹೋಯಿತು. ಬಿಸಿಲು ಬಿದ್ದ ಬಿಳಿಗೂದಲು ಪೂರಾ ಸುಟ್ಟುಹೋಗಿತ್ತು. ಎಳೆಯಿಲ್ಲ, ಬೈತಲೆಯಿಲ್ಲ. ಸುಣ್ಣದ ಮುದ್ದೆಯೊಂದನ್ನು ತಲೆಯ ಮೇಲೆ ಇಟ್ಟಂತೆ. ಎಷ್ಟು ಇಳಿಸಿದರೂ ಅದು ಬೂದಿ ಬಣ್ಣಕ್ಕೆ ತಿರುಗಿತೇ ಹೊರತು ಕೂದಲಾಗಲಿಲ್ಲ. ಬೆಳಕು ಹೆಚ್ಚು ಬಿಡಬಹುದು, ನಿಜ. ಆದರೆ ಕೊಡ ತುಂಬಿ ಚೆಲ್ಲಿದ ನೀರು ಮತ್ತೆ ಕೊಡಕ್ಕೆ ಬರುವುದಿಲ್ಲ. ಹದಿನೈದೂ ಹಾಗೆಯೇ.

ರೇಣುಕಪ್ರಸಾದನಿಗೆ ಫೋನ್ ಮಾಡಿದಳು. ಅವನು, "ಅದಕ್ಯಾಕೆ ತಲೆ ಕೆಡಿಸ್ಕೊಂತಿಯಾ? ಯಾವುದಾದ್ರೂ ಮುದುಕಿ ಕೂದಲು ತಂದು ಅಂಟಿಸು. ಯಾರಿಗೆ ಗೊತ್ತಾಗುತ್ತೆ?" ಎಂದ.

"ಆಯಮ್ಮನಿಗೆ ಗೊತ್ತಾಗುತ್ತೆ ಅಣ್ಣ."

"ಒಂದು ಫೋಟೋಕ್ಕೆ ಇಷ್ಟೊಂದಾ?"

"ಹೂಂ. ಇಷ್ಟೊಂದು."

ಮಾರನೆಯ ಬೆಳಿಗ್ಗೆ ಅವಳು ಪಕ್ಕದ ಅಡಿಕೆ ಅಂಗಡಿಯ ಜಯದೇವಪ್ಪನವರ ಮುಂದೆ ನಿಂತಳು. ಅರವತ್ತೆಂಟರ ವ್ಯಾಪಾರಿ. ಮೈಬಣ್ಣ ಎಣ್ಣೆಗಪ್ಪು, ತಲೆ ಮೀಸೆ ಎಲ್ಲ ಬೆಳ್ಳಿ, ಹಣೆಗೆ ವಿಭೂತಿ.

"ಅಪ್ಪಾಜಿ, ಅಂಗಡಿ ಬಾಗಿಲು ತೆಗಿಯೋ ಮುಂಚೆ ದಿನಾ ಅರ್ಧ ಗಂಟೆ ನನ್ನ ಸ್ಟುಡಿಯೋದಾಗೆ ಕುಂತ್ಕಬೇಕು."

"ಯಾಕವ್ವ, ಪೊಲೀಸರು ಹುಡುಕಾಕೆ ಹತ್ಯಾರೇನು ನನ್ನ?"

ಕಾರಣ ಹೇಳಿದಳು. ಅವರು ಅಡಿಕೆ ಹೋಳೊಂದನ್ನು ಬಾಯಿಗೆ ಹಾಕಿಕೊಂಡು ಯೋಚಿಸಿ, "ನಲ್ಲೂರಿನಾಗೆ ನಮ್ಮಕ್ಕನ ಮಗಳ ಮದುವೆಗೂ ಆಯಮ್ಮ ಬಂದಿತ್ತು" ಎಂದರು. "ಹಾಡು ಕೇಳಿ ನಮ್ಮ ಭಾವ ಅತ್ತಿದ್ದ. ಅವನು ಅತ್ತಿದ್ದು ಅದೊಂದೇ ಸಲ. ಬರ್ತೀನಿ ತಗ."

ಹನ್ನೊಂದು ದಿನ ಜಯದೇವಪ್ಪ ಬಂದು ಕೂತರು. ವನಜಾಕ್ಷಿ ಒಂದು ನೋಟ್‌ಬುಕ್ಕಿನಲ್ಲಿ ಪ್ರತಿಯೊಂದನ್ನೂ ಬರೆದಿಟ್ಟಳು. ಮೊದಲ ಪಾಠ ಬಿಸಿಲು ಬೇಡ ಎಂಬುದು. ನೆರಳಿನಲ್ಲಿ, ಎದುರಿನ ಸುಣ್ಣದ ಗೋಡೆಯಿಂದ ಮರಳಿ ಬರುವ ಮೆತ್ತಗಿನ ಬೆಳಕಿನಲ್ಲಿ, ಬಿಳಿತಲೆಗೂ ಕಪ್ಪುಮುಖಕ್ಕೂ ಇರುವ ದೂರ ತಗ್ಗುತ್ತದೆ. ಎರಡನೆಯದು, ಕ್ಯಾಮೆರಾದ ಎಚ್ಚರಿಕೆಯನ್ನು ಓದುವುದು. ಬೆಳಕು ಅತಿಯಾದ ಜಾಗ ಪರದೆಯಲ್ಲಿ ಮಿಣಮಿಣ ಮಿನುಗುತ್ತದೆ. ಆದರೆ ಕ್ಯಾಮೆರಾ ಸ್ವಲ್ಪ ಅಂಜುಬುರುಕ, ಮೊದಲೇ ಕೂಗಿಕೊಳ್ಳುತ್ತದೆ. ಮೀಸೆಯ ತುದಿ ಮಿನುಗಲು ಶುರುವಾದ ಮೇಲೂ ಇನ್ನರ್ಧ ಹೆಜ್ಜೆ ಹೋಗಬಹುದು, ರಾ ಫೈಲಿನಲ್ಲಿ ಎಳೆ ಉಳಿದಿರುತ್ತದೆ. ಒಂದು ಹೆಜ್ಜೆ ಹೋದರೆ ಮೀಸೆ ಸುಟ್ಟಿತು. ಆ ಅರ್ಧ ಹೆಜ್ಜೆ ಎಲ್ಲಿದೆ ಎಂದು ಕಂಡುಕೊಳ್ಳಲು ಅವಳಿಗೆ ಆರು ದಿನ ಹಿಡಿಯಿತು.

ಮೂರನೆಯದೇ ಕಷ್ಟದ್ದು. ನೆರಳಿನಲ್ಲಿ, ಐಎಸ್‌ಒ ನೂರರಲ್ಲಿ, ಅಷ್ಟು ಬೆಳಕು ತುಂಬಬೇಕಾದರೆ ಶಟರ್ ಕಾಲು ಸೆಕೆಂಡು ತೆರೆದಿರಬೇಕು. ಕಾಲು ಸೆಕೆಂಡಿನಲ್ಲಿ ಮನುಷ್ಯ ಅಲುಗುತ್ತಾನೆ. ಜಯದೇವಪ್ಪ ಅಡಿಕೆ ಜಗಿಯುವುದನ್ನು ನಿಲ್ಲಿಸಿದರೂ ಅವರ ಮುಖ ಕಲಸಿಹೋಗುತ್ತಿತ್ತು.

"ಆ ಐಎಸ್‌ಒನೋ ಪೈಎಸ್‌ಒನೋ, ಅದನ್ನ ಏರಿಸಿದ್ರೆ ಜಲ್ದಿ ಆಗುತ್ತೆ ಅಂತ ನೀನೇ ಅಂದ್ಯಲ್ಲವ್ವ?" ಎಂದರು ಅವರು ಒಂಬತ್ತನೆಯ ದಿನ. "ನಮ್ಮ ಸೊಸೆ ಕೇಳ್ತಾಳೆ, ಮಾವಾರು ದಿನಾ ಫೋಟೋ ತೆಗಿಸ್ಕಂತಾರೆ, ಮತ್ತೆ ಮದುವೆ ಗೊತ್ತಾಗೈತಾ ಅಂತ."

ವನಜಾಕ್ಷಿಗೂ ನಗು ಬಂತು. ಆದರೆ ಏರಿಸಲಿಲ್ಲ. ಏರಿಸಿದರೆ ಕೆಲಸ ಸಲೀಸು, ಜತೆಗೆ ಆ ರವೆಯಂಥ ಚುಕ್ಕಿಯೂ ಬರುತ್ತದೆ, ಕೂದಲೂ ಬೇಗ ಸುಡುತ್ತದೆ. ನಾಲ್ಕುನೂರರಲ್ಲಿ ತೆಗೆದದ್ದನ್ನೂ ನೂರರಲ್ಲಿ ತೆಗೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದಳು. ಬೇರೆಯವರಿಗೆ ಸಾಲಬಹುದಾದದ್ದು ಇವಳಿಗೆ ಸಾಲಲಿಲ್ಲ. "ಇಲ್ಲ ಅಪ್ಪಾಜಿ, ನೂರೇ. ನೀವು ಇನ್ನೆರಡು ದಿನ ತಡಕೊಳ್ರಿ."

ಹನ್ನೊಂದನೆಯ ದಿನ ಜಯದೇವಪ್ಪನವರ ಮುಖ ಕಲಸದೆ ಬಂತು. ಈ ಸಲ ಕೆಂಪಕ್ಕನಲ್ಲಿಗೆ ಹೊರಟಾಗ ಅವಳು ಲ್ಯಾಪ್‌ಟಾಪನ್ನೂ ಹೊತ್ತುಕೊಂಡಳು. ಹೆಗಲಿಗೆ ಕ್ಯಾಮೆರಾ ಚೀಲ, ಕೈಯಲ್ಲಿ ಟ್ರೈಪಾಡು. ನಸುಕಿನ ಮೊದಲ ಬಸ್ಸಿಗೆ ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ದಾವಣಗೆರೆ, ದಾವಣಗೆರೆಯಿಂದ ಜಗಳೂರು, ಅಲ್ಲಿಂದ ಹಳ್ಳಿ. ಮೇಷ್ಟ್ರಿಗೆ ಹೇಳಲಿಲ್ಲ. ಅವರ ಮುಖ ನೋಡಿ ಕೆಂಪಕ್ಕ ಕೂರುವುದು ಅವಳಿಗೆ ಬೇಕಿರಲಿಲ್ಲ.

ಕೆಂಪಕ್ಕ ಪಡಸಾಲೆಯಲ್ಲಿ ಮೆಕ್ಕೆಜೋಳದ ತೆನೆ ಬಿಡಿಸುತ್ತಿದ್ದಳು. ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದಳು.

"ಬಸ್ಸಿಗೆ ಬಂದ್ಯಾ? ನೀರು ಕುಡಿ. ಫೋಟೋ ಮಾತ್ರ ಬ್ಯಾಡ."

ವನಜಾಕ್ಷಿ ಚೀಲ ಇಳಿಸಿ, ಎದುರಿಗೆ ಕೂತು, ತಾನೂ ಒಂದು ತೆನೆ ತೆಗೆದುಕೊಂಡಳು. ನಾಲ್ಕಾರು ತೆನೆ ಬಿಡಿಸಿದಳು. ಹೇಳಬೇಕೆಂದು ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದ ಮಾತು ಯಾವುದೂ ನೆನಪಾಗಲಿಲ್ಲ. ಕಡೆಗೆ ಬೇರೆಯೇ ಮಾತು ಬಾಯಿಗೆ ಬಂತು.

"ಅಜ್ಜಿ, ಮದುವೆ ಫೋಟೋದಾಗೆ ನೀವು ಎಲ್ಲೂ ಇರಲ್ಲ, ಗೊತ್ತಾ?"

"ಗೊತ್ತು. ಮೂಲೆನಾಗೆ ಕುಂತಿರ್ತೀನಿ, ಬರಲ್ಲ."

"ಬಂದಿರ್ತೀರಿ. ನಾನು ಕತ್ತರಿಸಿ ತೆಗೀತಿದ್ದೆ. ಹೊನ್ನಾಳಿನಾಗೆ ಕೆಲಸಕ್ಕಿದ್ದಾಗ. ಮುಖ ಕಾಣಲ್ಲ, ಫ್ರೇಮು ಕೆಡ್ತೈತೆ ಅಂತ ಮಾಲೀಕ್ರು ಅಂದ್ರೆ, ಹೂಂ ಅಂತ ಕತ್ತರಿಸ್ತಿದ್ದೆ."

ತೆನೆ ಬಿಡಿಸುತ್ತಿದ್ದ ಕೆಂಪಕ್ಕನ ಬೆರಳು ನಿಂತಿತು.

"ಎಷ್ಟು ಸಲ?"

"ಎಣಿಸಿಲ್ಲ ಅಜ್ಜಿ. ಬಹಳ ಸಲ."

ಕೆಂಪಕ್ಕ ಅವಳ ಮುಖವನ್ನೇ ನೋಡಿದಳು. ವನಜಾಕ್ಷಿ ಕಣ್ಣು ತಪ್ಪಿಸಲಿಲ್ಲ. ಎದ್ದು ಹೋಗು ಎಂದರೆ ಹೋಗುವುದು, ನಾಳೆ ಮತ್ತೆ ಬರುವುದು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

"ಹೇಳ್ದೆ ಇದ್ದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ" ಎಂದಳು ಕೆಂಪಕ್ಕ.

"ಹೂಂ."

"ಮತ್ಯಾಕೆ ಹೇಳಿದೆ?"

"ನಂಬ್ರಿ ಅಂತ ಹೋದ ಸಲ ಸುಮ್ನೆ ಅಂದೆ. ನಂಬಾಕೆ ನಾನು ನಿಮಗೇನು ಕೊಟ್ಟಿದ್ದೆ? ಆವತ್ತಿನ ಫೋಟೋನೂ ಕೆಡ್ತು. ಮುಖ ಬಂತು, ಕೂದಲು ಸುಟ್ಟೋಯ್ತು. ಈಗ ಕಲ್ತು ಬಂದೀನಿ. ಆಮ್ಯಾಲೆ ಅನ್ನಲ್ಲ. ಇಲ್ಲೇ, ನಿಮ್ಮ ಕಣ್ಣ ಮುಂದೇನೇ ಇಳಿಸಿ ತೋರಿಸ್ತೀನಿ. ನಿಮ್ಮ ಬಣ್ಣ ಅಲ್ಲ ಅಂದ್ರೆ ಅಲ್ಲೇ ಅಳಿಸ್ತೀನಿ."

ಕೆಂಪಕ್ಕ ಮಡಿಲಿನ ಕಾಳನ್ನು ಮೊರಕ್ಕೆ ಸುರಿದು ಕೈ ಒರೆಸಿಕೊಂಡಳು.

"ಕತ್ತರಿಸಿದ ಕೈಯಾಗೇ ಹೊಲಿ ಹಂಗಾರೆ" ಎಂದಳು. "ಎಲ್ಲಿ ಕುಂತ್ಕಳ್ಳಿ?"

ಹತ್ತು ಗಂಟೆಯ ಬಿಸಿಲು ಎದುರುಮನೆಯ ಸುಣ್ಣದ ಗೋಡೆಗೆ ಬಿದ್ದು ಪಡಸಾಲೆಯೊಳಕ್ಕೆ ತಿರುಗುತ್ತಿತ್ತು. ಕೆಂಪಕ್ಕನನ್ನು ಕಂಬಕ್ಕೆ ಒರಗಿಸಿ ಕೂರಿಸಿ, ಟ್ರೈಪಾಡು ನಿಲ್ಲಿಸಿ, ವನಜಾಕ್ಷಿ ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದಳು. ಹಣೆಯ ಮೇಲಿನ ಕೂದಲು ಮಿನುಗಲು ಶುರುವಾಯಿತು. ಇನ್ನರ್ಧ ಹೆಜ್ಜೆ. ಅಲ್ಲಿಗೆ ನಿಲ್ಲಿಸಿದಳು. ಶಟರ್ ಕಾಲು ಸೆಕೆಂಡು.

"ಅಲುಗಬಾರದು ಅಜ್ಜಿ."

ಕೆಂಪಕ್ಕ ಅಲುಗಲಿಲ್ಲ. ಆದರೆ ಮುಖ ಮರದ ಹಲಗೆಯಾಯಿತು. ಆರು ಫೋಟೋ ತೆಗೆದರೂ ಜೀವ ಇಲ್ಲ.

"ನಾನು ಸುಮ್ನೆ ಕುಂತ್ರೆ ಹೆಣ ಕುಂತಂಗೆ ಕಾಣ್ತೀನಿ ಕಣವ್ವ, ನನಗೂ ಗೊತ್ತು" ಎಂದಳು ಕೆಂಪಕ್ಕ. "ಹಾಡ್ಲಾ?"

"ಹಾಡಿದ್ರೆ ಬಾಯಿ ಅಲುಗುತ್ತೆ, ಫೋಟೋ ಕಲಸೋಗುತ್ತೆ."

"ನುಡಿ ಮುಗಿದ ಮ್ಯಾಲೆ ಒಂದು ಉಸಿರು ನಿಲ್ಲಿಸ್ತೀನಿ. ಇಲ್ಲಾಂದ್ರೆ ಮುಂದಿನ ನುಡಿ ಏಳಲ್ಲ. ಆಗ ತಗೀತೀಯೇನು? ಆದ್ರೆ ನೀನು ಹಾಡು ಕೇಳಬೇಕು. ಬರೀ ನನ್ನ ಮುಖ ನೋಡ್ಕಂಡು ನಿಂತ್ರೆ ಸಿಗಲ್ಲ."

ಹಾಡು ಶುರುವಾಯಿತು. ತವರಿನಿಂದ ಹೊರಟ ಮಗಳ ಹಾಡು. ಮೊದಲ ನಾಲ್ಕು ನುಡಿಗೆ ವನಜಾಕ್ಷಿ ಬೇಗ ಒತ್ತಿದಳು, ಇಲ್ಲವೇ ತಡಮಾಡಿದಳು. ಐದನೆಯದಕ್ಕೆ ಅವಳು ಪರದೆ ನೋಡುವುದನ್ನು ಬಿಟ್ಟು ಕಿವಿಗೊಟ್ಟಳು. ದನಿ ಏರಿ, ತಿರುಗಿ, ಮೆಲ್ಲಗೆ ನೆಲಕ್ಕಿಳಿದು ನಿಂತಿತು. ಹಾಡಿನ ನೋವೂ ನಗೆಯೂ ಇನ್ನೂ ಆರದ ಮುಖ, ಮುಂದಿನ ನುಡಿಯನ್ನು ನೆನೆಯುವ ಕಣ್ಣು. ಅಲ್ಲಿ ಒತ್ತಿದಳು. ಆಮೇಲೆ ತಪ್ಪಲಿಲ್ಲ. ಹಾಡು ಮುಗಿಯುವ ಹೊತ್ತಿಗೆ ಓಣಿಯ ನಾಲ್ಕಾರು ಹೆಂಗಸರು ಅಂಗಳಕ್ಕೆ ಬಂದು ನಿಂತಿದ್ದರು.

ಮೆಕ್ಕೆಜೋಳದ ಚೀಲದ ಮೇಲೆ ಲ್ಯಾಪ್‌ಟಾಪು ಇಟ್ಟು ವನಜಾಕ್ಷಿ ಫೋಟೋ ತೆರೆದಳು. ಮತ್ತೆ ಅದೇ ಹಾಲು ಬಣ್ಣದ ಮುಖ. ಹಿಂದೆ ನಿಂತ ಹೆಂಗಸರಲ್ಲಿ ಯಾರೋ, "ಅಯ್ಯೋ, ಎಷ್ಟು ಬೆಳ್ಳಗೆ ಬಂದೈತೆ!" ಎಂದರು. ಕೆಂಪಕ್ಕನ ದವಡೆ ಬಿಗಿಯಿತು.

"ನೋಡ್ತಿರ್ರಿ" ಎಂದು ವನಜಾಕ್ಷಿ ಬೆಳಕು ಇಳಿಸಲು ಶುರುಮಾಡಿದಳು. ಹಾಲು ಹೋಗಿ ಗೋಧಿ ಬಣ್ಣ ಬಂತು, ಗೋಧಿ ಹೋಗಿ ಕಂದು ಬಂತು. ಕಂದು ಕಡುವಾಯಿತು. ಕೆಂಪಕ್ಕ ಮುಂದೆ ಬಾಗಿ, ಬಳೆ ಹಿಂದೆ ಸರಿಸಿ, ತನ್ನ ಮುಂಗೈಯನ್ನು ಪರದೆಯ ಪಕ್ಕಕ್ಕೆ ಇಟ್ಟಳು.

"ಇನ್ನೂ ಇಳ್ಸು."

ಇಳಿಸಿದಳು.

"ಇನ್ನೊಂದೀಟು. ಹೆದರ್ಕಬ್ಯಾಡ, ನಾನು ಇನ್ನೂ ಕರಿಯೋಳು. ಹಾಂ. ನಿಲ್ಸು."

ಕೈಗೂ ಕೆನ್ನೆಗೂ ಭೇದವಿರಲಿಲ್ಲ. ಬಿಳಿಗೂದಲು ಎಳೆಎಳೆಯಾಗಿ, ಬೈತಲೆ ನೇರವಾಗಿ ನಿಂತಿತ್ತು. ಕೆಂಪಕ್ಕನ ತೋರುಬೆರಳು ಪರದೆಯಲ್ಲಿ ತನ್ನ ಗದ್ದದ ಹತ್ತಿರ ಹೋಗಿ ನಿಂತಿತು. ಕಪ್ಪು ಚರ್ಮದ ಮೇಲೆ ಹಸಿರು ಚುಕ್ಕಿ ಮೂರು, ನಡುವೆ ಒಂದು ಸಣ್ಣ ಗೆರೆ. ಹತ್ತಿರ ಕೂತವರಿಗೂ ದಿಟ್ಟಿಸಿದರೆ ಮಾತ್ರ ಕಾಣುವಂಥದು.

"ನಮ್ಮವ್ವ ಹಾಕ್ಸಿದ ಹಚ್ಚೆ" ಎಂದಳು. "ಏಳು ವರ್ಷದಾಗಿದ್ದೆ. ಅವ್ವನ ತೊಡೆ ಮ್ಯಾಲೆ ತಲೆ ಇಟ್ಟು ಹಾಕಿಸ್ಕಂಡಿದ್ದೆ. ಇದು ಇಲ್ಲೀಗಂಟ ಯಾವ ಫೋಟೋದಾಗೂ ಬಂದಿರಲಿಲ್ಲ." ತನ್ನ ಗದ್ದ ಮುಟ್ಟಿಕೊಂಡು, "ಇದು ನಾನೇ" ಎಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಹಿಂದೆ ನಿಂತವರಿಗೆ, "ದಾರಿ ಬಿಡ್ರೇ, ಬೆಳಕು ಬರ್ಲಿ" ಎಂದು ಗದರಿದಳು.

ಅಲ್ಲಿಗೂ ಮುಗಿಯಲಿಲ್ಲ. ಹದಿನೈದು ದಿನದ ಮೇಲೆ ಮೇಷ್ಟ್ರು ಫೋನ್ ಮಾಡಿ ತಡವರಿಸಿದರು. "ಫೋಟೋ ಅದ್ಭುತ ಕಣಮ್ಮ. ಆದ್ರೆ ಪ್ರೆಸ್ಸಿನವರು ಮುಖಪುಟ ಕಪ್ಪಾಯ್ತು, ಒಂದೆರಡು ಪಾಯಿಂಟ್ ತಿಳಿ ಮಾಡೋಣ ಅಂತಾರೆ. ನನಗೂ ಅನಿಸ್ತು, ಜನ ಕೈಗೆ ತಗೋಬೇಕಲ್ಲ..."

"ಸರ್, ನೀವು ಅಜ್ಜಿ ಹಾಡು ಬರ್ಕಂಡಾಗ ಮಾತು ತಿದ್ದಿದ್ರಾ?"

"ಛೆ, ಇಲ್ಲ. ಅವರು ಅಂದಂಗೇ ಬರ್ಕಂಡೀನಿ. ಹಾಡಿನ ಬಣ್ಣ ಓದೋರಿಗೋಸ್ಕರ ತಿದ್ದಬಾರದು ಅಂತ ಮುನ್ನುಡಿನಾಗೇ ಬರ್ದೀನಿ." ಹೇಳುತ್ತಲೇ ಮೇಷ್ಟ್ರು ತಡೆದರು. "ಗೊತ್ತಾಯ್ತು ಬಿಡಮ್ಮ."

ಆದರೂ ವನಜಾಕ್ಷಿ ಮರುದಿನ ಸ್ಟುಡಿಯೋಕ್ಕೆ ಬೀಗ ಹಾಕಿ ಪ್ರೆಸ್ಸಿಗೆ ಹೋದಳು. ಮುಖಪುಟದ ಮೊದಲ ಹಾಳೆ ಬಂದಾಗ ಗದ್ದದ ಹಚ್ಚೆ ಮಸಿಯಲ್ಲಿ ಮುಳುಗಿತ್ತು. ತಿಳಿ ಮಾಡಿದರೆ ಕಾಣುತ್ತದೆ ಎಂದರು ಪ್ರೆಸ್ಸಿನವರು. ಫೋಟೋದ ಬಣ್ಣ ಮುಟ್ಟಬೇಡಿ, ಮಸಿ ಹೀರಿ ಹರಡದಂಥ ಕಾಗದ ಹಾಕಿ, ಮಸಿ ಕಡಿಮೆ ಹರಿಸಿ ಎಂದಳು ಅವಳು. ವಾದ ಮಾಡಿದರು. ಅವಳು ಯಂತ್ರದ ಪಕ್ಕದ ಸ್ಟೂಲ್ ಬಿಟ್ಟು ಏಳಲಿಲ್ಲ. ಐದನೆಯ ಹಾಳೆಯಲ್ಲಿ ಮೂರು ಹಸಿರು ಚುಕ್ಕಿ ಕಂಡವು. ಅಚ್ಚು ಮಾಡುವವನೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಆಯಮ್ಮ ಈಗ ಮಾತಾಡ್ತಾಳೇನೋ ಅನ್ನಂಗೈತೆ" ಎಂದ.

ಪುಸ್ತಕ ಜಗಳೂರಿನಲ್ಲಿ ಬಿಡುಗಡೆಯಾಯಿತು. ಗಂಗೋತ್ರಿ ಕಂಕುಳಲ್ಲಿ ಕೂಸು ಎತ್ತಿಕೊಂಡು ಬಂದಿದ್ದಳು. ಮುಖಪುಟವನ್ನು ಕೂಸಿಗೆ ತೋರಿಸಿ, "ಅಜ್ಜಿ, ಅಜ್ಜಿ" ಎಂದು ಹೇಳಿಕೊಡುತ್ತಿದ್ದಳು. ಭಾಷಣಗಳು ಮುಗಿದು ಜನ ಊಟಕ್ಕೆ ಎದ್ದಾಗ ಕೆಂಪಕ್ಕ ವನಜಾಕ್ಷಿಯನ್ನು ಕೈಸನ್ನೆ ಮಾಡಿ ಪಕ್ಕಕ್ಕೆ ಕೂರಿಸಿಕೊಂಡಳು.

"ಚನ್ನಗಿರಿ ತಾಲ್ಲೂಕಿನಾಗೆ ಸಂತೇಬೆನ್ನೂರು ಗೊತ್ತಾ ನಿನಗೆ?"

"ಗೊತ್ತಜ್ಜಿ."

"ಅಲ್ಲಿ ಶಂಕ್ರಮ್ಮ ಅಂತ ಐದಾಳೆ. ನನ್ನ ಜೋಡಿ ಇಪ್ಪತ್ತು ವರ್ಷ ಹಾಡಿದೋಳು. ನಾನು ಎತ್ತಿದ್ರೆ ಅವ್ಳು ಹಿಡಿಯೋಳು. ಈಗ ಮಂಡಿ ನೋವು, ಎಲ್ಲೂ ಬರಲ್ಲ. ನನಗಿಂತ ಕರಿಯೋಳು. ಸ್ವಲ್ಪ ಮೊಂಡು. ಫೋಟೋ ಅಂದ್ರೆ ಬಾಗಿಲು ಹಾಕ್ಕಂತಾಳೆ."

"ಹಾಕ್ಕಳ್ಳಿ" ಎಂದಳು ವನಜಾಕ್ಷಿ. "ಹೊರಗೆ ಕುಂತಿರ್ತೀನಿ. ಅವರ ಪಡಸಾಲೆ ಯಾವ ದಿಕ್ಕಿಗೈತೆ ಅಜ್ಜಿ?"

ಕೆಂಪಕ್ಕ ಕಣ್ಣು ಮುಚ್ಚಿ ಆ ಮನೆಯನ್ನು ನೆನಪು ಮಾಡಿಕೊಂಡಳು. "ಮೂಡಣಕ್ಕೆ" ಎಂದಳು. "ಸಂತೆ ದಿನ ಹೋಗಬ್ಯಾಡ. ಅವತ್ತು ಅವ್ಳನ್ನ ಮಾತಾಡ್ಸೋರು ಬಹಳ ಜನ."

ವನಜಾಕ್ಷಿ ಚೀಲದಿಂದ ನೋಟ್‌ಬುಕ್ ತೆಗೆದು, ಹೊಸ ಪುಟದಲ್ಲಿ ಹೆಸರು ಬರೆದಳು. ಅದರ ಕೆಳಗೆ, ಮೂಡಣ ಬಾಗಿಲು, ಬೆಳಗಿನ ಬಿಸಿಲು ಒಳಗೇ ಬರುತ್ತದೆ, ಪರದೆ ಕಟ್ಟಲು ಬಿಳಿ ಪಂಚೆ ಒಯ್ಯಬೇಕು ಎಂದು ಬರೆದುಕೊಂಡಳು.